ದೇವರ ಅರಿವಿನಲ್ಲಿ ಬೆಳವಣಿಗೆ
ದೇವರ ಅರಿವಿನಲ್ಲಿ ಬೆಳೆಯುವುದು ಕ್ರೈಸ್ತ ಬದುಕಿನ ಮುಖ್ಯ ಸಾಧನೆ. ದೇವರ ಕುರಿತು ತಿಳಿಯುವುದಷ್ಟೇ ಅಲ್ಲ, ಆತನ ಒಡನಾಟದಲ್ಲಿ ನಡತೆಯನ್ನು ತಿದ್ದಿಕೊಳ್ಳುವುದು ಇದರ ತಿರುಳು. ಅಪೊಸ್ತಲ ಪೌಲನು ಕೊಲೊಸ್ಸೆಯವರಿಗೆ ಬರೆದ, ಬೈಬಲಿನಲ್ಲಿರುವ ಪತ್ರ ಈ ಅರಿವನ್ನು ಸತ್ಕಾರ್ಯದೊಂದಿಗೆ ಜೋಡಿಸುತ್ತದೆ. ಬೈಬಲ್ ಓದು, ಪ್ರಾರ್ಥನೆ, ಸಂಸ್ಕಾರಗಳು, ಸಭೆಯ ಸಹವಾಸ ಇದರ ದಾರಿಗಳು. ಈ ಓದಿಗೆ ನೆರವಾಗುವಂತೆ, ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ದೊರೆಯಿತು.

ಈ ಬೆಳವಣಿಗೆಯನ್ನು ಚಿಕ್ಕಮಗಳೂರು ಜಿಲ್ಲೆಯ ಮನೆಗಳಲ್ಲೂ ಕಾಣಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ಸೇರಿರುವ ಈ ಜಿಲ್ಲೆಗೆ 1963ರಲ್ಲಿ ಕಥೋಲಿಕ ಧರ್ಮಪ್ರಾಂತ್ಯ ದೊರೆಯಿತು. ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ನೆಲೆಸಿದ ಕ್ರೈಸ್ತ ಕುಟುಂಬಗಳೂ ಇಲ್ಲಿವೆ. ತೋಟದ ಕೆಲಸ ಮುಗಿದ ಸಂಜೆ ಮನೆಮಂದಿ ಜಪಸರ ಹಿಡಿದು ಕೂರುತ್ತಾರೆ. ಅಜ್ಜಿಯ ಪ್ರಾರ್ಥನೆ ಮಲಯಾಳದಲ್ಲಿ, ಮೊಮ್ಮಕ್ಕಳ ಶಾಲೆಯ ಓದು ಕನ್ನಡದಲ್ಲಿ. ಅರಿವು ಬೆಳೆಯುವುದು ಇಂಥ ದಿನನಿತ್ಯದ ನಿಷ್ಠೆಯಲ್ಲೇ.