ಡ್ಯೂರ್ ಎ.ಜಿ.: ವಹಿವಾಟಿನ ಇತಿಹಾಸ

ಡ್ಯೂರ್ ಕಂಪನಿ ಕಾರು ಮಾಡುವುದಿಲ್ಲ. ಕಾರು ಮಾಡುವವರಿಗೆ ಕಾರ್ಖಾನೆಯ ವ್ಯವಸ್ಥೆಗಳನ್ನು ಕಟ್ಟಿಕೊಡುತ್ತದೆ. ದಕ್ಷಿಣ ಜರ್ಮನಿಯ ಬೀಟಿಗ್‌ಹೈಮ್-ಬಿಸ್ಸಿಂಗೆನ್‌ನಲ್ಲಿ ಇದರ ಕೇಂದ್ರ ಕಚೇರಿಯಿದೆ. ಪೇಂಟ್ ಶಾಪ್ ಇದರ ಮುಖ್ಯ ಕಸುಬು. ಬೆಸುಗೆ ಮುಗಿದು ಬಂದ ಬಾಡಿಯನ್ನು ತೊಳೆಯುವುದು, ತುಕ್ಕು ಹಿಡಿಯದಂತೆ ವಿದ್ಯುತ್ ಹರಿಯುವ ಬಣ್ಣದ ತೊಟ್ಟಿಯಲ್ಲಿ ಅದ್ದುವುದು, ರೋಬೋಟುಗಳಿಂದ ಬಣ್ಣ ಸಿಂಪಡಿಸುವುದು, ಒಲೆಯಲ್ಲಿ ಒಣಗಿಸುವುದು ಎಲ್ಲವೂ ಇಲ್ಲಿ ನಡೆಯುತ್ತವೆ. ಕಂಪನಿಯ ‘ರೋಡಿಪ್’ ವ್ಯವಸ್ಥೆಯಲ್ಲಿ ಇಡೀ ಬಾಡಿ ತೊಟ್ಟಿಯೊಳಗೆ ಲಾಗ ಹಾಕಿ ಮೇಲೇಳುತ್ತದೆ. ಕಾರು ಕಾರ್ಖಾನೆಯಲ್ಲಿ ಅತಿ ಹೆಚ್ಚು ಇಂಧನ ಬೇಡುವ ವಿಭಾಗವೂ ಪೇಂಟ್ ಶಾಪೇ.

ಕಂಪನಿಯ ಸ್ಥಾಪಕ ಪೌಲ್ ಡ್ಯೂರ್ 19ನೇ ಶತಮಾನದ ಕೊನೆಯಲ್ಲಿ ಸ್ಟುಟ್‌ಗಾರ್ಟ್ ಬಳಿಯ ಕಾನ್‌ಸ್ಟಾಟ್‌ನಲ್ಲಿ ತೆರೆದದ್ದು ಕಟ್ಟಡಗಳ ತಗಡು ಕೆಲಸದ ಅಂಗಡಿ. ಎರಡನೇ ಮಹಾಯುದ್ಧದ ನಂತರ ಕಂಪನಿ ಲೋಹಕ್ಕೆ ಬಣ್ಣ ಹಚ್ಚುವ ಯಂತ್ರಗಳತ್ತ ಹೊರಳಿತು. ಮೊಮ್ಮಗ ಹೈನ್ಸ್ ಡ್ಯೂರ್ ಕಾಲದಲ್ಲಿ ಅದು ಬ್ರೆಜಿಲ್, ಮೆಕ್ಸಿಕೊ, ಅಮೆರಿಕಗಳಿಗೆ ಹಬ್ಬಿತು. ಮುಂದೆ ಜರ್ಮನ್ ರೈಲ್ವೆಯನ್ನು ಮುನ್ನಡೆಸಿದವರೂ ಇವರೇ. 1990ರಲ್ಲಿ ಷೇರುಪೇಟೆಗೆ ಬಂದ ಮೇಲೆ ಪ್ರತಿ ವರ್ಷದ ಲೆಕ್ಕ ಸಾರ್ವಜನಿಕವಾಯಿತು.

ಆ ಲೆಕ್ಕ ಓದುವುದಕ್ಕೆ ಒಂದು ವಿಷಯ ತಿಳಿದಿರಬೇಕು. ಪೇಂಟ್ ಶಾಪ್ ಕಟ್ಟಲು ವರ್ಷಕ್ಕೂ ಮೇಲ್ಪಟ್ಟು ಹಿಡಿಯುತ್ತದೆ. ಕೆಲಸ ಸಾಗಿದಷ್ಟು ಭಾಗವನ್ನು ಮಾತ್ರ ಆದಾಯವೆಂದು ಬರೆದುಕೊಳ್ಳುತ್ತಾರೆ. ಹೀಗಾಗಿ ಈ ವರ್ಷದ ವಹಿವಾಟು ಬಹುಮಟ್ಟಿಗೆ ಕಳೆದ ವರ್ಷ ಕಾರು ಕಂಪನಿಗಳು ಮಾಡಿದ ತೀರ್ಮಾನಗಳ ಫಲ. ಮುಂದಿನ ಸುಳಿವು ಬೇಕಾದವರು ಆರ್ಡರ್ ಪುಸ್ತಕವನ್ನೇ ನೋಡಬೇಕು. ಗ್ರಾಹಕರ ಮುಂಗಡದಿಂದಲೇ ಕೆಲಸ ನಡೆಯುವುದರಿಂದ, ಆರ್ಡರ್ ಹೆಚ್ಚಿದಾಗ ಕೈಯಲ್ಲಿ ಹಣ ಓಡಾಡುತ್ತದೆ, ಆರ್ಡರ್ ಬತ್ತಿದಾಗ ಲಾಭಕ್ಕಿಂತ ಮೊದಲು ಅದೇ ಕರಗುತ್ತದೆ.

2000ದಲ್ಲಿ ಡಾರ್ಮ್‌ಸ್ಟಾಟ್‌ನ ಶೆಂಕ್ ಕಂಪನಿಯನ್ನು ಕೊಂಡದ್ದು ಡ್ಯೂರ್‌ಗೆ ಭಾರವಾಯಿತು. ಸಾಲ ಏರಿತು, 2004ರಲ್ಲಿ ಶೇ. 9.75 ಬಡ್ಡಿಗೆ 20 ಕೋಟಿ ಯೂರೋ ಬಾಂಡ್ ಹೊರಡಿಸಬೇಕಾಯಿತು. ಆ ಬಡ್ಡಿದರವೇ ಮಾರುಕಟ್ಟೆಯ ಅಪನಂಬಿಕೆಯನ್ನು ಹೇಳುತ್ತದೆ. 2005ರಲ್ಲಿ ಭಾರಿ ನಷ್ಟವಾಗಿ, ಶೆಂಕ್‌ನ ತೂಕ-ಅಳತೆ ಯಂತ್ರಗಳ ವಿಭಾಗವನ್ನು ಮಾರಲಾಯಿತು. ತಿರುಗುವ ಭಾಗಗಳ ಸಮತೋಲನ ಸರಿಪಡಿಸುವ ಯಂತ್ರಗಳ ವಿಭಾಗವನ್ನು ಮಾತ್ರ ಕೈಬಿಡಲಿಲ್ಲ. 2006ರಲ್ಲಿ ರಾಲ್ಫ್ ಡೀಟರ್ ಕಂಪನಿಯ ಚುಕ್ಕಾಣಿ ಹಿಡಿದರು.

2008ರಲ್ಲಿ ಸುಮಾರು 160 ಕೋಟಿ ಯೂರೋ ಇದ್ದ ವಹಿವಾಟು ಜಾಗತಿಕ ಆರ್ಥಿಕ ಬಿಕ್ಕಟ್ಟಿನಲ್ಲಿ ಮರುವರ್ಷ 108 ಕೋಟಿಗೆ ಕುಸಿಯಿತು. ಬಡ್ಡಿ-ತೆರಿಗೆಗೆ ಮುಂಚಿನ ಲಾಭ 60 ಲಕ್ಷ ಯೂರೋ ಸಹ ಮುಟ್ಟಲಿಲ್ಲ. ಎತ್ತಿ ನಿಲ್ಲಿಸಿದ್ದು ಚೀನಾ. ಅಲ್ಲಿ ಜರ್ಮನ್ ಕಂಪನಿಗಳೂ ಸ್ಥಳೀಯ ಕಂಪನಿಗಳೂ ಪೈಪೋಟಿಯಿಂದ ಕಾರ್ಖಾನೆ ಕಟ್ಟತೊಡಗಿದವು. 2011ರಲ್ಲಿ ಡ್ಯೂರ್‌ಗೆ ಬಂದ ಆರ್ಡರ್ ಸುಮಾರು 268 ಕೋಟಿ, ವಹಿವಾಟು ಮಾತ್ರ 192 ಕೋಟಿ. ಮರುವರ್ಷ ಅದು 240 ಕೋಟಿಗೆ ಏರಿತು. 2013ರ ಹೊತ್ತಿಗೆ ಬಡ್ಡಿ-ತೆರಿಗೆಗೆ ಮುಂಚಿನ ಲಾಭ 20 ಕೋಟಿ ದಾಟಿತ್ತು.

ಕಾರು ಉದ್ಯಮದ ಏರಿಳಿತವನ್ನೇ ನೆಚ್ಚಿ ಕೂರಬಾರದೆಂದು ಡ್ಯೂರ್ 2014ರಲ್ಲಿ ಮರಗೆಲಸದ ಯಂತ್ರಗಳ ಹೋಮಾಗ್ ಕಂಪನಿಯ ಅರ್ಧಕ್ಕೂ ಹೆಚ್ಚು ಪಾಲನ್ನು ಕೊಂಡಿತು.  ಇದರಿಂದ 2015ರ ವಹಿವಾಟು ಒಂದೇ ಸಲಕ್ಕೆ ಸುಮಾರು 377 ಕೋಟಿ ಯೂರೋಗೆ ನೆಗೆಯಿತು. ಈ ನೆಗೆತದಲ್ಲಿ ಹೆಚ್ಚಿನ ಪಾಲು ಕೊಂಡು ತಂದದ್ದು, ಬೆಳೆದದ್ದಲ್ಲ.

ಕೋವಿಡ್ ವರ್ಷದಲ್ಲಿ ವಹಿವಾಟು 392 ಕೋಟಿಯಿಂದ 332 ಕೋಟಿಗೆ ಇಳಿದು, ಸುಮಾರು 1.4 ಕೋಟಿ ನಷ್ಟವಾಯಿತು. 2022ರಲ್ಲಿ ಯೋಖೆನ್ ವೈರೌಖ್ ಮುಖ್ಯಸ್ಥರಾದರು. ವಿದ್ಯುತ್ ಕಾರುಗಳಿಗಾಗಿ ಕಾರ್ಖಾನೆಗಳು ಹೊಸದಾಗಿ ಸಜ್ಜಾಗುತ್ತಿದ್ದ ಆ ವರ್ಷ ಆರ್ಡರ್ ಸುಮಾರು 500 ಕೋಟಿ ಮುಟ್ಟಿತು. 2023ರ ವಹಿವಾಟು ಸುಮಾರು 463 ಕೋಟಿ. ಆದರೆ ಆಸರೆಗೆಂದು ಕೊಂಡಿದ್ದ ಹೋಮಾಗ್‌ನಲ್ಲೇ ಅದೇ ವರ್ಷ ಪೀಠೋಪಕರಣ ತಯಾರಕರ ಬೇಡಿಕೆ ಬಿದ್ದು, ಸುಮಾರು 600 ಹುದ್ದೆಗಳನ್ನು ಕಡಿಯುವ ತೀರ್ಮಾನವಾಯಿತು.