ಹರಿದ ಹ್ಯಾಮಕ್, ಹಳೆಯ ಹೆಣಿಗೆ

ಎರಡು ಮರಗಳ ನಡುವೆ ಕಟ್ಟಿದ ಹಗ್ಗದ ಹ್ಯಾಮಕ್ ಒಂದು ಕಡೆ ಕಡಿದರೆ ಮೊದಲಿಗೆ ಯಾರ ಗಮನಕ್ಕೂ ಬರುವುದಿಲ್ಲ. ಕಡಿದ ಹಗ್ಗ ಹೊರುತ್ತಿದ್ದ ಭಾರ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ. ಬಿಸಿಲು ಮಳೆ ಕಂಡ ಹತ್ತಿಯ ಹಗ್ಗವಾದರೆ ಅವೂ ಒಂದೊಂದಾಗಿ ಕೈಕೊಡುತ್ತವೆ. ಒಂದು ದಿನ ಮಲಗಿದವರು ನೆಲಕ್ಕೆ! ಹಾಗೆಂದು ಅದನ್ನು ಎಸೆಯಬೇಕಾಗಿಲ್ಲ. ಹ್ಯಾಮಕ್ ಹುಟ್ಟಿನಲ್ಲಿ ಒಂದು ಬಲೆ. ಬಲೆ ಹರಿದರೆ ಹರಿದಷ್ಟನ್ನೇ ಹೆಣೆದರೆ ಸಾಕು.

ಕೆರಿಬಿಯನ್ ದ್ವೀಪಗಳ ತೈನೊ ಜನರು ಹತ್ತಿಯ ನೂಲಿನಿಂದ ಇಂಥ ಬಲೆ ಹೆಣೆದು, ಕಂಬಗಳ ನಡುವೆ ಕಟ್ಟಿ ಮಲಗುತ್ತಿದ್ದರು. ನೆಲದ ತೇವವಾಗಲಿ ಹುಳುಹುಪ್ಪಟೆಯಾಗಲಿ ತಟ್ಟದ ಆ ಹಾಸಿಗೆಗೆ ಅವರಿಟ್ಟ ಹೆಸರು ‘ಹಮಾಕ’. 1492ರ ಅಕ್ಟೋಬರಿನಲ್ಲಿ ಬಹಾಮಾ ದ್ವೀಪಗಳನ್ನು ಸುತ್ತುತ್ತಿದ್ದ ಕೊಲಂಬಸ್, ಇಲ್ಲಿಯವರ ಹಾಸಿಗೆಗಳು ಹತ್ತಿಯ ಬಲೆಗಳಂತಿವೆ ಎಂದು ದಿನಚರಿಯಲ್ಲಿ ಬರೆದುಕೊಂಡ. 1500ರಲ್ಲಿ ಬ್ರೆಜಿಲ್ ತೀರಕ್ಕೆ ಬಂದ ಪೋರ್ಚುಗೀಸರಿಗೂ ಕಂಡದ್ದು ಬಲೆಯೇ. ಅವರ ಭಾಷೆಯಲ್ಲಿ ಹ್ಯಾಮಕ್ಕಿಗೆ ಇಂದಿಗೂ ‘ರೆದೆ’, ಅಂದರೆ ಬಲೆ, ಎಂದೇ ಹೆಸರು. (ನಮ್ಮಲ್ಲಿ ಮಗುವನ್ನು ಮಲಗಿಸುವ ಸೀರೆಯ ಜೋಲಿ ನೋಡಲು ಇದರ ನೆಂಟನಂತಿದ್ದರೂ ಇದಕ್ಕೂ ಅದಕ್ಕೂ ಸಂಬಂಧವಿಲ್ಲ.)

ಮುಂದಿನ ಅರ್ಧ ಶತಮಾನದೊಳಗೆ ಹೊರಗಿನಿಂದ ಬಂದ ರೋಗಗಳು, ಗಣಿಗಳ ಬಿಟ್ಟಿ ದುಡಿಮೆ ಮತ್ತು ಹಿಂಸೆಗೆ ತೈನೊ ಸಮಾಜ ನುಚ್ಚುನೂರಾಯಿತು. ಅವರ ವಂಶದವರೆಂದು ಹೇಳಿಕೊಳ್ಳುವ ಕುಟುಂಬಗಳು ಈಗಲೂ ಆ ದ್ವೀಪಗಳಲ್ಲಿವೆ. ಊರುಗಳು ಅಳಿದರೂ ಹಮಾಕ ಎಂಬ ಮಾತು ಮಾತ್ರ ಅವರನ್ನು ಅಳಿಸಿದವರ ಹಡಗನ್ನೇ ಏರಿ ಲೋಕ ಸುತ್ತಿತು.

1597ರ ಹೊತ್ತಿಗೆ ಇಂಗ್ಲೆಂಡಿನ ನೌಕಾಪಡೆ ಹ್ಯಾಮಕ್ಕನ್ನು ಒಪ್ಪಿಕೊಂಡಿತ್ತು. ಹಡಗಿನಲ್ಲಿ ಬಲೆಯ ಬದಲು ದಪ್ಪ ಕ್ಯಾನ್ವಾಸ್ ಬಟ್ಟೆ. 18ನೇ ಶತಮಾನದ ಯುದ್ಧನೌಕೆಯಲ್ಲಿ ಒಬ್ಬ ನಾವಿಕನ ಹ್ಯಾಮಕ್ ತೂಗುಹಾಕಲು ಸಿಗುತ್ತಿದ್ದ ಅಗಲ 14 ಅಂಗುಲ! ಹಗಲಲ್ಲಿ ಅವನ್ನು ಸುತ್ತಿ ಹಡಗಿನ ಅಂಚಿಗೆ ಸಾಲಾಗಿ ಪೇರಿಸುತ್ತಿದ್ದರು. ಯುದ್ಧದಲ್ಲಿ ಗುಂಡಿಗೆ ಅದೇ ಅಡ್ಡಗೋಡೆ. ಸತ್ತವನನ್ನು ಅವನದೇ ಹ್ಯಾಮಕ್ಕಿನಲ್ಲಿ ಹೊಲಿದು ಕಡಲಿಗೆ ಬಿಡುವುದು ವಾಡಿಕೆ.

ತೋಟ, ಜಗಲಿಗಳಲ್ಲಿ ಇಂದು ಕಾಣುವ, ಎರಡು ತುದಿಗೂ ಮರದ ಅಡ್ಡಪಟ್ಟಿಯಿರುವ ಹಗ್ಗದ ಹ್ಯಾಮಕ್ ಇತ್ತೀಚಿನದು. 1889ರ ಸುಮಾರಿಗೆ ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಜೋಶುವಾ ಜಾನ್ ವಾರ್ಡ್ ಎಂಬ ನದಿ ದೋಣಿಯ ಕಪ್ತಾನ ಹುಲ್ಲಿನ ಹಾಸಿಗೆಯ ಸೆಕೆ ತಾಳಲಾರದೆ ಹತ್ತಿಯ ಹಗ್ಗದಿಂದ ಒಂದನ್ನು ಹೆಣೆದ. ಬೆನ್ನಿಗೆ ಒತ್ತುತ್ತವೆಂದು ಅದರಲ್ಲಿ ಗಂಟುಗಳನ್ನೇ ಬಿಟ್ಟಿದ್ದ.

ಇಂಥ ಹ್ಯಾಮಕ್ ಕಡಿದಾಗ ಎರಡು ತುದಿಗಳನ್ನು ಎಳೆದು ಗಂಟು ಹಾಕುವುದು ಎಲ್ಲರೂ ಮಾಡುವ ತಪ್ಪು. ಗಂಟಿನಲ್ಲಿ ಹಗ್ಗ ತೀರ ಬಾಗುವುದರಿಂದ ಅದರ ಬಲ ಅರ್ಧದಷ್ಟೂ ಕುಗ್ಗಬಹುದು. ಅಲ್ಲದೆ ಗಂಟಿಗೆ ಹೋದಷ್ಟು ಉದ್ದ ಕಡಿಮೆಯಾಗಿ, ಆ ಒಂದೇ ಹಗ್ಗ ಬಿಗಿದುಕೊಂಡು ಪುನಃ ಅಲ್ಲೇ ಕಡಿಯುತ್ತದೆ. ನಾವಿಕರ ದಾರಿ ಬೇರೆ. ಅಷ್ಟೇ ದಪ್ಪದ ಹೊಸ ತುಂಡೊಂದನ್ನು ನಡುವೆ ಇಟ್ಟು, ಸೇರಬೇಕಾದ ತುದಿಗಳ ಹೊಸೆತವನ್ನು ಒಂದಿಷ್ಟು ಬಿಚ್ಚುತ್ತಾರೆ. ಎರಡೂ ಕಡೆಯ ಮೂರು ಮೂರು ಎಳೆಗಳನ್ನು ಬೆರಳಿಗೆ ಬೆರಳು ಸಿಕ್ಕಿಸಿದಂತೆ ಎದುರುಬದುರು ಕೂಡಿಸುತ್ತಾರೆ. ಬಳಿಕ ಒಂದೊಂದು ಎಳೆಯನ್ನೂ ಎದುರಿನ ಹಗ್ಗದ ಒಂದು ಎಳೆಯ ಮೇಲಿಂದ ಹಾಯಿಸಿ ಮುಂದಿನದರ ಅಡಿಗೆ ತೂರಿಸಬೇಕು, ಹೊಸೆತಕ್ಕೆ ವಿರುದ್ಧ ದಿಕ್ಕಿನಲ್ಲಿ. ಹತ್ತಿಗೆ ಇಂಥ ಮೂರು ಸುತ್ತು ಸಾಕು. ನೈಲಾನ್ ಜಾರುವುದರಿಂದ ಐದಾದರೂ ಬೇಕು. ಭಾರ ಬಿದ್ದಷ್ಟೂ ಎಳೆಗಳು ಒಂದನ್ನೊಂದು ಬಿಗಿಹಿಡಿಯುತ್ತವೆ.

ಇಷ್ಟು ಮಾಡುವ ಮುನ್ನ ಅಡ್ಡಪಟ್ಟಿಯ ತೂತುಗಳ ಬಳಿ ಹಗ್ಗವನ್ನು ಉಗುರಿನಿಂದ ಕೆರೆದು ನೋಡಬೇಕು. ಸವೆತ ಹೆಚ್ಚಾಗುವುದು ಅಲ್ಲೇ. ನಾರು ಪುಡಿಯಾಗಿ ಕೈಗೆ ಬಂದರೆ ಯಾವ ಬೆಸುಗೆಯೂ ನಿಲ್ಲದು. ಆಗ ಪಟ್ಟಿ, ಬಳೆಗಳನ್ನಷ್ಟೇ ಉಳಿಸಿಕೊಂಡು ಬಲೆಯನ್ನು ಮೊದಲಿನಿಂದ ಹೆಣೆಯಬೇಕಾಗುತ್ತದೆ.