ಕಡಲಕುಡಿಕೆ: ಮುಳ್ಳಿನೊಳಗಿನ ರುಚಿ

ಕಡಲತಳದ ಬಂಡೆಗಳಲ್ಲಿ ಪಾಚಿ ಮೇಯುವ, ಮೈತುಂಬ ಮುಳ್ಳಿರುವ ದುಂಡನೆಯ ಜೀವಿಯೇ ಕಡಲಕುಡಿಕೆ. ಇಂಗ್ಲಿಷಿನಲ್ಲಿ ಸೀ ಅರ್ಚಿನ್. ಇದರ ಚಿಪ್ಪನ್ನೊಡೆದಾಗ ಕಾಣುವ ಐದು ಹಳದಿ ಎಸಳುಗಳನ್ನು ನಾವು ಮೊಟ್ಟೆಯೆಂದೇ ತಿಳಿಯುತ್ತೇವೆ. ವಾಸ್ತವವಾಗಿ ಅವು ಗಂಡು, ಹೆಣ್ಣು ಎರಡರಲ್ಲೂ ಇರುವ ಸಂತಾನ ಗ್ರಂಥಿಗಳು. ಜಪಾನೀಯರು ಇವನ್ನು 'ಉನಿ' ಎಂದು ಕರೆದು, ಅನ್ನದೊಡನೆ ಹಸಿಯಾಗಿಯೇ ಸವಿಯುತ್ತಾರೆ.

ಸಂತಾನೋತ್ಪತ್ತಿಗೆ ಮುನ್ನ, ಗ್ರಂಥಿಗಳು ತುಂಬಿಕೊಂಡಿರುವಾಗಲೇ ಇವನ್ನು ಹಿಡಿಯಬೇಕು. ಮುಳುಗುಗಾರರು ಒಂದೊಂದನ್ನೇ ಕೈಯಿಂದ ಆರಿಸಿ ಬಲೆಚೀಲಕ್ಕೆ ತುಂಬುತ್ತಾರೆ.

ಜಪಾನಿನ ಬೇಡಿಕೆಯನ್ನು ನಂಬಿ ಅಮೆರಿಕದ ಮೇನ್ ರಾಜ್ಯದಲ್ಲಿ 1993ರಲ್ಲಿ ಸುಮಾರು 18,000 ಟನ್ ಹಿಡಿಯಲಾಯಿತು. ಬಳಿಕ ಇಳುವರಿ ಅದರ ಹತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ಮೇಯುವವು ಇಲ್ಲವಾಗಿ ಪಾಚಿ ದಟ್ಟವಾಯಿತು. ಅದರಲ್ಲಿ ಅಡಗಿದ ಏಡಿಗಳು ಉಳಿದ ಕುಡಿಕೆಗಳನ್ನೂ ತಿಂದವು. ಅಸಲನ್ನೇ ಕರಗಿಸಿದ ಮೇಲೆ ಬಡ್ಡಿ ಎಲ್ಲಿಂದ ಬಂದೀತು?